ಯಾರ ಕೈಗೂ ಹತ್ತದ ಪಿಸ್ತೂಲು

ಗುಂಡು ಹಾರಿದ ಮೇಲೆ ಉಳಿಯುವ ಒಂದು ಖಾಲಿ ತೋಟಾ ಎಷ್ಟು ದೊಡ್ಡದಿದ್ದೀತು? ಕಿರುಬೆರಳಿನ ಅರ್ಧಕ್ಕೂ ಬಾರದು. ಆದರೆ ಆಗಷ್ಟೇ ಸಿಡಿದು, ಬಾಣಲೆಯಿಂದ ಜಿಗಿದ ಕಡಲೆಕಾಳಿನ ಹಾಗೆ ಕಾದದ್ದು ಅಂಗಿಯ ಕಾಲರಿನೊಳಗೆ ಇಳಿದರೆ ಎಂಥ ಗಂಭೀರ ಮನುಷ್ಯನೂ ಕುಣಿಯಲೇಬೇಕು. ನೀರಿನ ಮೀಟರು ರಿಪೇರಿ ಮಾಡುವ ಕಾರ್ಖಾನೆಯಲ್ಲಿ ಎಲ್ಲರೂ ಎಡಚ ಎಂದು ಕರೆಯುವ ನಮ್ಮ ಫಿಟ್ಟರು ಅಂದು ಬೆಳಿಗ್ಗೆ ಹಾಗೇ ಕುಣಿದ. ಕುಣಿಯುವಾಗ ಕೈಯಲ್ಲಿ ಪಿಸ್ತೂಲಿತ್ತು. ಗುಂಡೇನೋ ಹಾರಲಿಲ್ಲ, ಆದರೆ ಪಿಸ್ತೂಲಿನ ಮೂತಿ ಒಂದು ಸುತ್ತು ತಿರುಗಿ ಎಲ್ಲರನ್ನೂ ವಿಚಾರಿಸಿಕೊಂಡು ಬಂತು. ಶೆಡ್ಡಿನಲ್ಲಿದ್ದವರೆಲ್ಲ ನೆಲಕ್ಕೆ ಮಲಗಿಬಿಟ್ಟರು.

ಕಾರ್ಖಾನೆಯ ಹಿಂದಿನ ಆ ಉದ್ದ ಶೆಡ್ಡೇ ನೌಕರರ ಗುರಿ ಅಭ್ಯಾಸದ ಕ್ಲಬ್ಬು. ಪಾಯಿಂಟ್ ಟೂ ಟೂ ಎಂಬ ಸಣ್ಣ ಪಿಸ್ತೂಲು. ತೋಟಾದ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುವಂಥದು. ಇಪ್ಪತ್ತೈದು ಮೀಟರಿನಾಚೆ ಕಾಗದದ ಗುರಿ. ಬಲಗೈಯವರು ಎಡಕ್ಕೆ ಎದೆಕೊಟ್ಟು ಸಾಲಾಗಿ ನಿಲ್ಲುತ್ತಾರೆ. ಎಡಚ ಮಾತ್ರ ಬಲಕ್ಕೆ ತಿರುಗಿ ನಿಲ್ಲಬೇಕು. ಮೊದಮೊದಲು ಅವನನ್ನು ನಡುವೆ ನಿಲ್ಲಿಸಿದಾಗ, ಪಕ್ಕದ ಲೇನಿನ ಸ್ಟೋರ್‌ಕೀಪರು, "ಇವ್ನು ನನ್ನ ಮುಖಾನೇ ನೋಡ್ತಾನೆ, ಹೆಣ್ಣು ನೋಡೋಕೆ ಬಂದೋನ ಥರ. ನನಗೆ ನಗು ತಡೆಯೋಕಾಗಲ್ಲ" ಎಂದು ದೂರು ಕೊಟ್ಟಿದ್ದ. ಅಂದಿನಿಂದ ಎಡಚನಿಗೆ ಬಲತುದಿಯ ಕೊನೆಯ ಲೇನು, ಎದುರಿಗೆ ಗೋಡೆ. ಪಿಸ್ತೂಲುಗಳು ಖಾಲಿ ತೋಟಾವನ್ನು ಬಲಕ್ಕೆ ಉಗುಳುತ್ತವೆ. ಉಳಿದವರದನ್ನು ಲೇನುಗಳ ನಡುವಿನ ಬಲೆಯ ಪರದೆ ತಡೆಯುತ್ತದೆ. ಎಡಚನದು ಗೋಡೆಗೆ ಬಡಿದು, ಅಲ್ಲಿ ನಿಲ್ಲಲು ಮನಸ್ಸಿಲ್ಲದೆ, ನೇರ ಅವನ ಕೊರಳಿಗೇ ವಾಪಸು.

ಕಲಿಸುವ ಮೇಷ್ಟ್ರು ಪ್ಯಾಂಟಿನ ಧೂಳು ಕೊಡವಿಕೊಂಡು ಎದ್ದರು. "ನೋಡಪ್ಪ, ಭಾನುವಾರ ಪಂದ್ಯ. ತಂಡದಲ್ಲಿ ನಾಲ್ಕೇ ಜನ, ನಾಲ್ಕನೆಯೋನು ನೀನು. ಆದ್ರೆ ಹಿಂಗೆ ಕುಣಿಯೋನನ್ನ ಕರ್ಕೊಂಡ್ ಹೋಗೋಕಾಗಲ್ಲ. ಈ ವರ್ಷ ಕ್ಲಬ್ಬಿಗೆ ಹೇಗೂ ಒಂದು ಹೊಸ ಪಿಸ್ತೂಲು ಕೊಳ್ಳೋದಿದೆ. ನಿನ್ನ ಕೈಗೆ ಒಗ್ಗೋದು ಆರಿಸ್ಕೊಂಡು ಸಂಜೆ ಐದಕ್ಕೆ ಬಾ. ಹತ್ತು ಗುಂಡಿಗೆ ನೂರಕ್ಕೆ ಎಂಬತ್ತೈದು ತೆಗೆದ್ರೆ ಸರಿ, ಇಲ್ಲಾಂದ್ರೆ ಸ್ಟೋರ್‌ಕೀಪರು ಹೋಗ್ತಾನೆ."

ಸ್ಟೋರ್‌ಕೀಪರು ಆಗಲೇ ಬೆರಳು ಮಡಿಸಿ ಬಿಚ್ಚಿ ಮಾಡತೊಡಗಿದ್ದ.

ಶಾಲೆಯಲ್ಲಿ ಎಡಚನನ್ನು ಯಾವ ಆಟಕ್ಕೂ ಸೇರಿಸಿಕೊಂಡವರಿಲ್ಲ. ನಲವತ್ತೆರಡನೆಯ ವಯಸ್ಸಿನಲ್ಲಿ ಮೊದಲ ಸಲ ಒಂದು ತಂಡದ ಪಟ್ಟಿಯಲ್ಲಿ ಅವನ ಹೆಸರು ಬಂದಿತ್ತು. ಆ ಪಟ್ಟಿಯನ್ನು ಮಡಿಸಿ ಜೇಬಿನಲ್ಲೇ ಇಟ್ಟುಕೊಂಡು ತಿರುಗುತ್ತಿದ್ದ.

ಅಂಗಿ ಬದಲಿಸಲು ಮನೆಗೆ ಹೋದರೆ ಹೆಂಡತಿ ಕಾಲರಿನ ತೂತಿನೊಳಗೆ ಬೆರಳು ತೂರಿಸಿ ನೋಡಿದಳು. ನಡೆದದ್ದನ್ನೆಲ್ಲ ಕೇಳಿದ ಮೇಲೆ, "ಆ ಗೋಡೆಗೆ ಒಂದು ಹಳೇ ಚಾದರ ನೇತುಹಾಕಿದ್ರೆ ಆಗ್ತಿರಲಿಲ್ವಾ?" ಎಂದಳು.

"ಇದು ಚಾದರದ ವಿಷಯ ಅಲ್ಲ ಕಣೆ. ಇದರಲ್ಲಿ ತುಂಬಾ ಲೆಕ್ಕಾಚಾರ ಇದೆ. ಹಿಡಿಕೆ ಬೇರೆ, ಸೇಫ್ಟಿ ಬೇರೆ..."

"ಸರಿ ಬಿಡಿ. ಎಡಗೈ ಕತ್ತರಿ ತಂದಾಗಲೂ ಹಿಂಗೇ ಅಂದಿದ್ರಿ. ಮನೇಲಿ ಒಬ್ಬರಿಗಾದ್ರೂ ಅದರಲ್ಲಿ ಒಂದು ದಾರ ಕತ್ತರಿಸೋಕೆ ಬಂತಾ?"

ಅಷ್ಟರಲ್ಲಿ ಅವಳ ಅಣ್ಣ ಬಂದ. ಔಷಧದ ಅಂಗಡಿ ಇಟ್ಟುಕೊಂಡಿರುವ ಈ ಭಾವನಿಗೆ ತಿಳಿಯದ ವಿಷಯ ಇನ್ನೂ ಹುಟ್ಟಿಲ್ಲ. "ಪಿಸ್ತೂಲಾ? ನಾನಿಲ್ದೆ ಹೋಗ್ಬೇಡ. ಹಿಡಿದ ತಕ್ಷಣ ಹೇಳ್ತೀನಿ" ಎಂದು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ತಿರುಗಿ ನಿಂತ.

ಅದಕ್ಕೂ ಮೊದಲು ರಜೆ ಬೇಕು. ದೊಡ್ಡ ಸಾಹೇಬರೇ ಕ್ಲಬ್ಬಿನ ಅಧ್ಯಕ್ಷರು. ಅವರ ಸಹಿ ಇಲ್ಲದೆ ಪಿಸ್ತೂಲೂ ಇಲ್ಲ. ಸಾಹೇಬರು ಎಡಗೈಯಲ್ಲಿ ಚಹಾದ ಕಪ್ಪು ಹಿಡಿದು, ಬಲಗೈಯಲ್ಲಿ ರಜೆ ಚೀಟಿ ಬರೆಯುತ್ತ ಮುಖ ಕಿವಿಚಿದರು. ಅವರ ಬರಹ ಕಾರ್ಖಾನೆಯಲ್ಲೆಲ್ಲ ಪ್ರಸಿದ್ಧ. ಅದನ್ನು ಓದಲೆಂದೇ ಒಬ್ಬ ಗುಮಾಸ್ತನಿದ್ದ.

"ಎಡಗೈಗೆ ಅಂತ ಬೇರೆ ಪಿಸ್ತೂಲು ಯಾಕ್ರೀ ಬೇಕು? ಅಭ್ಯಾಸ ಮಾಡ್ಕೊಂಡ್ರೆ ಬಲಗೈಗೂ ಬರುತ್ತೆ. ಮನಸ್ಸು ಗಟ್ಟಿ ಇರಬೇಕು ಅಷ್ಟೆ."

"ಪ್ರಯತ್ನ ಮಾಡಿದೆ ಸಾರ್. ಶೆಡ್ಡಿನ ದೀಪ ಒಡೀತು."

"ಹೂಂ. ಸಂಜೆ ತೋರಿಸಿ. ನೋಡಿದ್ಮೇಲೇ ಸಹಿ."

ಬಂದೂಕಿನ ಅಂಗಡಿಯವನು ಮೇಜಿನ ಮೇಲೆ ಬಟ್ಟೆ ಹಾಸಿ ಎರಡು ಪಿಸ್ತೂಲಿಟ್ಟ. ಮೊದಲನೆಯದರ ಮರದ ಹಿಡಿಕೆ ಬಲ ಅಂಗೈಗೆಂದೇ ಕೊರೆದದ್ದು. ಎಡಚ ಹಿಡಿದರೆ ಬಲಗಾಲಿನ ಬೂಟಿಗೆ ಎಡಗಾಲು ತೂರಿಸಿದ ಹಾಗೆ. ಹೆಬ್ಬೆರಳು ಇರಲು ಜಾಗ ಸಿಗದೆ ಅತ್ತಿತ್ತ ಅಲೆಯಿತು. ಭಾವ ಅದನ್ನು ಬಲಗೈಯಲ್ಲಿ ಹಿಡಿದು, "ಬೆಣ್ಣೆ ಇದ್ದಂಗಿದೆ. ಇದನ್ನೇ ತಗೋ" ಎಂದ.

"ಭಾವ, ಹೊಡೆಯೋನು ನಾನು."

"ಹೊಡೆಯೋನು ಯಾರಾದ್ರೇನು, ಪಿಸ್ತೂಲು ಚೆನ್ನಾಗಿದೆ."

ಎರಡನೆಯದರ ಹಿಡಿಕೆ ಎರಡು ಕೈಗೂ ಸಮ, ಗುಂಡು ತಾನಾಗಿ ಹಾರದಂತೆ ತಡೆಯುವ ಸೇಫ್ಟಿ ಎರಡು ಬದಿಗೂ ಇತ್ತು. ಆದರೆ ಉಗುಳುವುದು ಬಲಕ್ಕೇ. ಎಡಚ ಹಿಡಿದ, ಇಳಿಸಿದ, ಮತ್ತೆ ಹಿಡಿದ. ಅಂಗೈ ಬೆವೆತು ಹಿಡಿಕೆ ಮೀನಿನ ಹಾಗೆ ಜಾರತೊಡಗಿತು. ಎರಡು ಗಂಟೆ ಹೊಡೆಯಿತು, ಮೂರಾಯಿತು. ಭಾವ ಮೂರು ಸಲ ಅಭಿಪ್ರಾಯ ಬದಲಿಸಿ, ಮೂರು ಸಲವೂ ಮೊದಲೇ ಹೇಳಿದ್ದೆ ಅಂದ.

ನೋಡಿ ನೋಡಿ ಸಾಕಾದ ಅಂಗಡಿಯವನು ಕೆಳಗಿನ ಖಾನೆಯಿಂದ ಒಂದು ಪೆಟ್ಟಿಗೆ ತೆಗೆದು ಧೂಳು ಊದಿದ. "ಇದೊಂದಿದೆ. ಪೂರಾ ಎಡಗೈದು. ಹಿಡಿಕೆ, ಸೇಫ್ಟಿ, ಎಲ್ಲಾ. ತೋಟಾನೂ ಎಡಕ್ಕೇ ಉಗುಳುತ್ತೆ. ಎಂಟು ವರ್ಷದಿಂದ ಇಲ್ಲೇ ಬಿದ್ದಿದೆ, ಯಾರ ಕೈಗೂ ಹತ್ತಲಿಲ್ಲ."

ಎಡಚ ಅದನ್ನು ಹಿಡಿದ. ಹಿಡಿದನೆನ್ನುವುದಕ್ಕಿಂತ, ಅದೇ ಅವನ ಕೈ ಹಿಡಿಯಿತು. ಜಾತ್ರೆಯಲ್ಲಿ ಕಳೆದುಹೋಯಿತೆಂದುಕೊಂಡ ಮಗು ಪಕ್ಕದ ಮನೆಯಲ್ಲೇ ಸಿಕ್ಕ ಹಾಗೆ ಅವನಿಗೆ ನಗುವೂ ಬಂತು, ಕಣ್ಣೂ ತುಂಬಿತು.

ಭಾವ ಬಲಗೈಯಲ್ಲಿ ಹಿಡಿಯಲು ಹೋಗಿ ಬೆರಳು ತಿರುಚಿಕೊಂಡ. "ಥೂ, ಇದೆಂಥದು. ಬೇರೆ ಯಾರೂ ಇದನ್ನ ಮುಟ್ಟೋಕಾಗಲ್ಲ."

ಆ ಮಾತೇ ಎಡಚನ ಮನಸ್ಸನ್ನು ಗಟ್ಟಿ ಮಾಡಿತು. ಕ್ಲಬ್ಬಿನ ಒಳ್ಳೆಯ ವಸ್ತು ಯಾವುದೂ ಒಬ್ಬನ ಕೈಯಲ್ಲಿ ಉಳಿದದ್ದಿಲ್ಲ. ಇದು ಉಳಿಯುತ್ತದೆ. ಸ್ಟೋರ್‌ಕೀಪರು ತಲೆಕೆಳಗಾಗಿ ನಿಂತರೂ ಇದನ್ನು ಹಿಡಿಯಲಾರ. "ಇದೇ ಇರ್ಲಿ" ಎಂದ.

ಐದಕ್ಕೆ ಶೆಡ್ಡು ತುಂಬಿತ್ತು. ಅಂಗಡಿಯವನೇ ಪೆಟ್ಟಿಗೆ ಹಿಡಿದು ಜೊತೆಗೆ ಬಂದಿದ್ದ. ಎಡಚ ಕೊನೆಯ ಲೇನಿನಲ್ಲಿ ಗೋಡೆಗೆ ಎದೆಕೊಟ್ಟು ನಿಂತ. ಮೊದಲ ಗುಂಡು. ತೋಟಾ ಎಡಕ್ಕೆ ಹಾರಿ ಪರದೆಗೆ ಸಿಕ್ಕಿ ಸದ್ದಿಲ್ಲದೆ ಬಿತ್ತು. ಕೊರಳು ತಣ್ಣಗಿತ್ತು. ಹತ್ತೂ ಮುಗಿದ ಮೇಲೆ ಮೇಷ್ಟ್ರು ಕಾಗದ ತಂದು ಎರಡು ಸಲ ಎಣಿಸಿದರು. "ತೊಂಬತ್ತೊಂದು."

ಸ್ಟೋರ್‌ಕೀಪರು ಬೆರಳು ಮಡಿಸುವುದನ್ನು ನಿಲ್ಲಿಸಿದ.

"ಎಲ್ಲಿ, ಕೊಡಿ ನೋಡೋಣ" ಎಂದು ಸಾಹೇಬರು ಮುಂದೆ ಬಂದರು. ಮೇಜಿನ ಮೇಲಿದ್ದ ಪಿಸ್ತೂಲಿನ ಕಡೆಗೆ ಅವರ ಕೈ ಹೋಯಿತು. ಎಡಗೈ. ಸಾಹೇಬರು ಅದನ್ನು ಬೇರೆಯವರ ಕೈಯೆಂಬಂತೆ ನೋಡಿದರು. ಬೆರಳುಗಳು ಹಿಡಿಕೆಯ ಗುಳಿಗಳಲ್ಲಿ ಒಂದೊಂದಾಗಿ ಕುಳಿತವು.

"ನನ್ನ ಮೇಷ್ಟ್ರು ಈ ಕೈನ ಕುರ್ಚಿಗೆ ಕಟ್ಟಿಹಾಕ್ತಿದ್ರು" ಎಂದರು ಸಾಹೇಬರು ಮೆಲ್ಲಗೆ. "ಐವತ್ತು ವರ್ಷ ಆಯ್ತು."

ಆಮೇಲೆ ಐದು ಗುಂಡು ಹೊಡೆದರು. ಐದೂ ಕಪ್ಪು ವೃತ್ತದೊಳಗೆ. ಜನ್ಮದಲ್ಲಿ ಮೊದಲ ಸಲ ಪಿಸ್ತೂಲು ಹಿಡಿದವರು. ಪಿಸ್ತೂಲು ಕೊಳ್ಳುವ ಅರ್ಜಿ ತರಿಸಿ, ಪೆನ್ನನ್ನು ಎಡಗೈಗೆ ಬದಲಿಸಿಕೊಂಡು ಸಹಿ ಮಾಡಿದರು. ಮುತ್ತು ಪೋಣಿಸಿದಂಥ ಅಕ್ಷರ. ಗುಮಾಸ್ತನ ಮುಖ ಬಿಳಿಚಿತು. 'ಬಳಸುವವರು' ಎಂಬಲ್ಲಿಯೂ ಅಷ್ಟೇ ಚೆಂದವಾಗಿ ತಮ್ಮ ಹೆಸರನ್ನೇ ಬರೆದರು.

"ಭಾನುವಾರ ನಾಲ್ಕನೆಯೋನು ನಾನೇ ಬರ್ತೀನಿ, ಮೇಷ್ಟ್ರೇ. ಇವರು ಬದಲಿ ಆಟಗಾರರಾಗಿರಲಿ. ನೀವ್ ಹೇಳಿದ್ದು ಸರಿ ಕಣ್ರೀ," ಎಂದು ಎಡಚನ ಬೆನ್ನು ತಟ್ಟಿದರು, "ಎಡಗೈಗೆ ಬೇರೆ ಪಿಸ್ತೂಲೇ ಬೇಕು. ಬನ್ನಿ, ಪಕ್ಕದ ಲೇನಲ್ಲಿ ನಿಂತು ಹೇಳ್ಕೊಡಿ. ಆ ಪರದೆ ತೆಗೀರಿ ಯಾರಾದ್ರೂ, ಅವರಿಗೆ ನನ್ನ ಕೈ ಕಾಣಬೇಕಲ್ಲ."

ಸ್ಟೋರ್‌ಕೀಪರು ಓಡಿಹೋಗಿ ಪರದೆ ಬಿಚ್ಚಿದ.

ಎಡಚ ಹಳೆಯ ಪಿಸ್ತೂಲು ಹಿಡಿದು ಕೊನೆಯದರ ಪಕ್ಕದ ಲೇನಿನಲ್ಲಿ ಬಲಕ್ಕೆ ತಿರುಗಿ ನಿಂತ. ಎದುರಿಗೆ ಸಾಹೇಬರ ಅಗಲವಾದ ಬೆನ್ನು. ಸಾಹೇಬರು ಗುಂಡು ಹಾರಿಸಿದರು. ಖಾಲಿ ತೋಟಾ ಎಡಕ್ಕೆ ಚಿಮ್ಮಿ, ಗಾಳಿಯಲ್ಲಿ ಎರಡು ಪಲ್ಟಿ ಹೊಡೆದು, ಎಡಚನ ಹೊಸ ಅಂಗಿಯ ಕಾಲರಿನೊಳಗೆ ಮೆತ್ತಗೆ ಇಳಿಯಿತು.

ಎಡಚ ಕುಣಿಯಲಿಲ್ಲ. ಸಾಹೇಬರು ಗುರಿ ಹಿಡಿದಿರುವಾಗ ಕುಣಿಯುವುದುಂಟೇ. ಹಲ್ಲು ಕಚ್ಚಿ, ಮನೆಯಲ್ಲಿ ಎಷ್ಟು ಹಳೇ ಚಾದರಗಳಿವೆ ಎಂದು ಎಣಿಸುತ್ತ ನಿಂತ.

"ಹೇಗಿದೆ ಕಣ್ರೀ ನಮ್ಮ ಪಿಸ್ತೂಲು?" ಎಂದು ಸಾಹೇಬರು ತಿರುಗದೆಯೇ ಕೇಳಿದರು.

"ತುಂಬಾ ಬಿಸಿ... ಅಲ್ಲ, ತುಂಬಾ ಚೆನ್ನಾಗಿದೆ ಸಾರ್."

"ಹಾಗಿದ್ರೆ ಇನ್ನೊಂಬತ್ತು ಹೊಡೀತೀನಿ. ಅಲ್ಲೇ ನಿಂತಿರಿ."