ಓಬೀರಾಯನ ಗೋಡೆ

ಹಂಪಿಯಲ್ಲಿ ಇಪ್ಪತ್ತು ವರ್ಷದಿಂದ ಗೈಡ್ ಆಗಿರುವ ಹಾಲಸ್ವಾಮಿಯ ಬಾಯಲ್ಲಿ 'ಗೊತ್ತಿಲ್ಲ' ಎಂಬ ಮಾತು ಒಮ್ಮೆಯೂ ಬಂದಿರಲಿಲ್ಲ. ಅವನ ಕೇಡಿಗೆ ಅದೇ ಮೂಲವಾಯಿತು.

ಅಂದು ಅವನ ಪ್ರಾಣವೆಲ್ಲ ಮನೆಯ ಅಡುಗೆಕೋಣೆಯ ಮೇಲಿತ್ತು. "ಈ ಓಬೀರಾಯನ ಕಾಲದ ಗೋಡಿ ಕೆಡವಿ ಹೊಸ ಅಡಗಿಮನಿ ಕಟ್ಟೋತನಕ ನಾ ಬರಂಗಿಲ್ಲ" ಎಂದು ಹೆಂಡತಿ ಕೊಟ್ರಮ್ಮ ಎಮ್ಮಿಗನೂರಿನ ತವರು ಸೇರಿ ಮೂರು ತಿಂಗಳಾಗಿತ್ತು. ಹಂಪಿಯ ಸುತ್ತಮುತ್ತ ಒಂದು ಗೋಡೆ ಕೆಡವಬೇಕೆಂದರೂ ಪುರಾತತ್ವ ಇಲಾಖೆಯ ಅಪ್ಪಣೆ ಬೇಕು. ಅಂತೂ ಸಂಜೆ ನಾಲ್ಕಕ್ಕೆ ಹೊಸ ಅಧಿಕಾರಿ ನೋಡಲು ಬರುವವರಿದ್ದರು.

ಆ ಗುಂಗಿನಲ್ಲೇ ಬೆಳಿಗ್ಗೆ ಒಬ್ಬ ಪ್ರವಾಸಿ ಹೆಂಗಸಿಗೆ ಮಂಟಪ ತೋರಿಸುತ್ತ, "ಓಬೀರಾಯನ ಕಾಲದ್ದು ಮೇಡಂ" ಎಂದುಬಿಟ್ಟ.

"ಓಬೀರಾಯ ಅಂದ್ರೆ ಯಾರು? ಆ ಮಾತು ಎಲ್ಲಿಂದ ಬಂತು?"

ಬಹಳ ಹಳೆಯದಕ್ಕೆಲ್ಲ ನಾಡೇ ಹಾಗನ್ನುತ್ತದೆ. ಓಬೀರಾಯನನ್ನು ಕಂಡವರು ಯಾರು? ಹಾಲಸ್ವಾಮಿ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ಅರಮನಿ ಅಡಗಿಯಾಂವ ಮೇಡಂ. ಮೂರು ರಾಜರು ಹೋದ್ರೂ ಆತ ಸೌಟು ಬಿಡ್ಲಿಲ್ಲ. ಅದಕ್ಕ ಹಳೇದೆಲ್ಲ ಅವನ ಹೆಸರಿಗೆ ಬಂತು."

"ಸಾಕ್ಷಿ ಇದೆಯಾ?"

"ಅವನ ಅಡಗಿಮನಿ ಗೋಡಿ ನಮ್ಮನ್ಯಾಗ ಐತ್ರಿ!" ಆ ಹೊತ್ತಿಗೆ ಹೆಂಡತಿಯ ಬೈಗುಳವೇ ನೆನಪಾಗಿತ್ತು.

ಆಕೆ ಬರೆದುಕೊಂಡರು. ಮಂಟಪದ ಬಳಿ ಎಳನೀರು ಕೊಚ್ಚಿ ಮಾರುತ್ತಿದ್ದ, ಹಾಲಸ್ವಾಮಿಯ ನೆರೆಮನೆಯ ಪಾಲಪ್ಪ ಸುಮ್ಮನಿರಬಾರದೆ? "ಹೌದ್ರಿ, ಅಮಾಸಿ ದಿನ ಅದರಾಗಿಂದ ಒಗ್ಗರಣಿ ವಾಸನಿ ಬರ್ತೈತಿ!" ಎಂದ.

ಮಧ್ಯಾಹ್ನದೊಳಗೆ ಪಾಲಪ್ಪ ಓಣಿಗೆಲ್ಲ ಸುದ್ದಿ ಮುಟ್ಟಿಸಿದ. ಹಾಲಸ್ವಾಮಿ ಮನೆ ಸೇರುವಷ್ಟರಲ್ಲಿ ಗೋಡೆಗೆ ವಿಭೂತಿ ಬಿದ್ದಿತ್ತು, ಕಾಯಿ ಒಡೆದಿತ್ತು, ಎರಡು ಆಟೋ ಜನ ಸೆಲ್ಫಿ ತೆಗೆಯುತ್ತಿದ್ದರು. ಅವನು ಟವೆಲ್ಲಿನಿಂದ ವಿಭೂತಿ ಒರೆಸಿದಷ್ಟೂ ಇನ್ಯಾರೋ ಬಳಿಯುತ್ತಿದ್ದರು.

"ಲೇ ಪಾಲಪ್ಪ, ಇದನ್ನ ನಮ್ಮಪ್ಪ ಕಟ್ಟಿಸಿದ್ದಲೇ!"

"ಸುಮ್ನಿರಲೇ, ಓಬೀರಾಯ ಸಿಟ್ಟಾದಾನು."

ನಾಲ್ಕಕ್ಕೆ ಸರಿಯಾಗಿ ಜೀಪು ಬಂತು. ಇಳಿದವರು ಬೆಳಗಿನ ಅದೇ ಹೆಂಗಸು!

"ನಾನು ಶೈಲಜಾ, ಹೊಸ ಅಧಿಕಾರಿ. ಬೆಳಿಗ್ಗೆ ಸುಮ್ಮನೆ ಊರು ನೋಡೋಕೆ ಬಂದಿದ್ದೆ."

ಹಾಲಸ್ವಾಮಿಗೆ ಭೂಮಿ ಬಾಯ್ಬಿಡಬಾರದೆ ಎನಿಸಿತು. "ಮೇಡಂ, ಬೆಳಿಗ್ಗೆ ಹೇಳಿದ್ದು ಶುದ್ಧ ಸುಳ್ಳು. ತಪ್ಪಾತ್ರಿ."

ಶೈಲಜಾ ಕನ್ನಡಕದ ಮೇಲಿಂದ ನೋಡಿದರು. "ಸುಳ್ಳಾದ್ರೆ ನಿಮ್ಮ ಗೈಡ್ ಲೈಸೆನ್ಸ್ ರದ್ದು ಮಾಡಿ ಅಂತ ಬರೀಬೇಕಾಗುತ್ತೆ. ನಿಜವಾದ್ರೆ ತಜ್ಞರು ಬಂದು ನೋಡೋವರೆಗೆ ಗೋಡೆ ಮುಟ್ಟೋ ಹಾಗಿಲ್ಲ. ಯಾವುದು ಬರೀಲಿ?"

ಹಾಲಸ್ವಾಮಿ ಗೋಡೆ ನೋಡಿದ. ಕೊರಳಲ್ಲಿ ನೇತಾಡುತ್ತಿದ್ದ ಲೈಸೆನ್ಸ್ ಕಾರ್ಡನ್ನು ಬಿಗಿಯಾಗಿ ಹಿಡಿದುಕೊಂಡ. "ನಿಜಾನ ಐತ್ರಿ" ಎಂದ, ಅಳುವ ದನಿಯಲ್ಲಿ. ಜೀಪು ಹೊರಟಿತು. ಪಾಲಪ್ಪ ಇನ್ನೊಂದು ಕಾಯಿ ಒಡೆದ.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಕೊಟ್ರಮ್ಮ. "ಅಪ್ಪಣಿ ಸಿಕ್ತೇನ್ರಿ? ಬಟ್ಟಿ ಕಟ್ಕೊಂಡು ಕುಂತೀನಿ. ಯಾವಾಗ ಬರ್ಲಿ?"

ಹಾಲಸ್ವಾಮಿ ವಿಭೂತಿ ಬಳಿದ ಗೋಡೆಯತ್ತ ತಿರುಗಿದ. ಆಮೇಲೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ, "ಗೊತ್ತಿಲ್ಲ" ಎಂದ.