ಹಬ್ಬದ ದಿನವೇ ಬಂದ ನೋವು

ಎಲ್ಲಕ್ಕೂ ಮೂಲ ಕಾರಿನ ಬ್ಯಾಟರಿ.

ಮಾಘಿಯ ಚಳಿಯಲ್ಲಿ ಸಂಜೆಯಾದರೆ ಕಾರಿನ ಬ್ಯಾಟರಿ ಬಿಚ್ಚಿ ತಂದು, ಒಲೆಯ ಪಕ್ಕದಲ್ಲಿ ಬೆಕ್ಕಿನ ಜೊತೆ ಮಲಗಿಸುವುದು ನಮ್ಮೂರಿನ ರೂಢಿ. ಹಬ್ಬದ ಹಿಂದಿನ ಸಂಜೆ ತುಂಬುಬಸುರಿ ಜೋರ್ಕಾ ಗಂಡನಿಗೆ ಅದನ್ನು ನೆನಪಿಸಿಯೂ ಇದ್ದಳು.

"ಡಾಕ್ಟ್ರು ಇನ್ನೂ ಹತ್ತು ದಿನ ಇದೆ ಅಂದಿಲ್ವೇನೇ? ಒಂದು ರಾತ್ರಿ ಹೊರಗಿದ್ರೆ ಬ್ಯಾಟರಿಗೇನು ನೆಗಡಿ ಆಗುತ್ತಾ?" ಎಂದು ಪೆನ್ಕೊ ಕಾಲು ಚಾಚಿ ಕೂತಿದ್ದ.

ಬ್ಯಾಟರಿಗೆ ನೆಗಡಿಯಾಯಿತು. ಬೆಳಗಿನ ಜಾವ ಜೋರ್ಕಾ ಸೊಂಟ ಹಿಡಿದುಕೊಂಡು, "ಪೆನ್ಕೊ, ಶುರುವಾಯ್ತು ಕಣೋ" ಎಂದಾಗ ಅವನು ಓಡಿಹೋಗಿ ಕೀಲಿ ತಿರುಗಿಸಿದ. ಕಾರು ಒಂದು ಸಲ ಕೆಮ್ಮಿತು, ಕುರಿ ಕಾಯುವ ಮುದುಕನಂತೆ ನಿಟ್ಟುಸಿರು ಬಿಟ್ಟಿತು, ಸುಮ್ಮನಾಯಿತು. ಅವನು ಅದನ್ನು ಬೈದು, ತಳ್ಳಿ, ಮತ್ತೆ ಬೈಯುವಷ್ಟರಲ್ಲಿ ಹಿಮ ಬಿದ್ದು ಗುಡ್ಡದ ದಾರಿ ಮುಚ್ಚಿಹೋಯಿತು. ಪಟ್ಟಣದಿಂದ ಹೊರಟ ಆಂಬುಲೆನ್ಸು ಗುಡ್ಡದ ಆಚೆಯೇ ನಿಂತು, ಹಿಮ ಬಗೆಯುವ ಯಂತ್ರ ಬರಲೆಂದು ಕಾಯತೊಡಗಿತು.

"ಗಾಬರಿ ಆಗ್ಬೇಡಿ," ಎಂದಳು ಫೋನಿನಲ್ಲಿ ಆಸ್ಪತ್ರೆಯ ಹೆಂಗಸು. "ಹೆರಿಗೆ ಮನೇಲೇ ಆಗೋ ಹಾಗಿದೆ. ಎಲ್ಲಾ ರೆಡಿ ಮಾಡ್ಕೊಳ್ಳಿ. ಮಗು ಬಂದ್ರೆ ಹಿಡ್ಕೊಳ್ಳೋಕೆ ನೀವಿದೀರಲ್ಲ."

ದ್ರಾಕ್ಷಿಬಳ್ಳಿ ಕತ್ತರಿಸುವಾಗ ಬೆರಳಿಗೆ ಗೀರಿದ ರಕ್ತ ನೋಡಿ, ಚಪ್ಪರದಿಂದ ಮಾಗಿದ ಗೊಂಚಲಿನಂತೆ ಉದುರಿದವನು ಪೆನ್ಕೊ. ಕ್ರಿಸ್ಮಸ್ಸಿಗೆ ಅವನ ಹಂದಿಯನ್ನು ಕೊಯ್ಯುವುದು ಪಕ್ಕದ ಮನೆಯ ವಲ್ಕೊ. ಆ ದಿನ ಪೆನ್ಕೊನಿಗೆ ತಪ್ಪದೆ ಪಕ್ಕದೂರಿನ ಅತ್ತೆಯ ನೆನಪಾಗುತ್ತಿತ್ತು. ಹೆರಿಗೆಯ ಕೋಣೆಯಲ್ಲಿ ತಾನೊಬ್ಬನೇ ಇರುವ ಹೊತ್ತು ಬರದಿರಲಿ, ಬೇರೆ ಯಾರಾದರೂ ಬರಲಿ ಎಂದು ಅವನು ಗೋಡೆಯ ಮೇಲಿನ ಸಂತ ನಿಕೋಲನಿಗೆ ಕೈಮುಗಿದ.

ಜೋರ್ಕಾ ಮಂಚದ ಅಂಚು ಹಿಡಿದು ನಿಂತೇ ಅಪ್ಪಣೆ ಕೊಡತೊಡಗಿದಳು. "ಒಲೆಗೆ ಸೌದೆ ತುಂಬು. ಮೇಜಿನ ಮೇಲಿನ ರಬ್ಬರು ಬಟ್ಟೆ ಹಾಸಿಗೆಗೆ ಹಾಸು, ಅದ್ರ ಮೇಲೆ ಒಗೆದ ದುಪ್ಪಟಿ. ಟವೆಲ್ಲು ಬೆಚ್ಚಗೆ ಮಾಡು. ನೀರು ಕಾಯ್ಸು. ಅಯ್ಯಯ್ಯೋ... ತಡಿ... ಹ್ಞೂಂ, ಹೋಯ್ತು. ಏನ್ ನೋಡ್ತಾ ನಿಂತಿದೀಯ? ನೀರು!"

"ಎಷ್ಟು ನೀರು?"

"ಜಾಸ್ತಿ!"

ಹೆಂಡತಿಯ ಮಾತನ್ನು ಅಂದೊಂದು ದಿನವಾದರೂ ಪೂರ್ತಿ ಪಾಲಿಸಬೇಕೆಂದು ಪೆನ್ಕೊ ಅಂಗಳದ ದೊಡ್ಡ ಕೊಪ್ಪರಿಗೆಗೇ ಬೆಂಕಿ ಹಾಕಿದ. ನಮ್ಮ ಕಡೆ ಚಳಿಗಾಲದಲ್ಲಿ ಅಂಗಳದ ಕೊಪ್ಪರಿಗೆಯಿಂದ ಹಬೆ ಎದ್ದರೆ ಅದಕ್ಕೆ ಇರುವುದು ಒಂದೇ ಅರ್ಥ. ಹೆಚ್ಚು ಹೊತ್ತು ಹೋಗುವುದರೊಳಗೆ ವಲ್ಕೊ ಬೇಲಿ ದಾಟಿ ಬಂದ. ಕೈಯಲ್ಲಿ ಮಸೆದ ಚೂರಿ, ಬಾಯಲ್ಲಿ ಬೆಳಗ್ಗೆಯೇ ಏರಿಸಿದ ರಕಿಯಾ ಸಾರಾಯಿಯ ಘಾಟು.

"ನನಗೆ ಹೇಳ್ದೇನೇ ಹಂದಿ ಕೊಯ್ತೀಯೇನೋ? ಎಲ್ಲಿ ಅದು?"

"ಹಂದಿ ಅಲ್ಲ ಮಾವ, ಜೋರ್ಕಾ!"

ವಲ್ಕೊ ಚೂರಿಯನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ವಿಷಯ ತಿಳಿದು, ಕೊಪ್ಪರಿಗೆಯನ್ನೂ ಪೆನ್ಕೊನನ್ನೂ ನೋಡಿದ. "ಇಷ್ಟೊಂದು ನೀರು ಯಾಕಯ್ಯಾ? ಮಗೂಗೇನು ಹಂದಿ ಥರ ರೋಮ ಬೋಳಿಸ್ಬೇಕಾ? ಬಿಡು. ತೋತ್ಕಾ ಅಜ್ಜೀನ ಕರ್ಕೊಂಡ್ಬಾ. ನಿನ್ನನ್ನೂ ಎಳೆದು ಹಾಕಿದ್ದು ಅವಳೇ."

"ಅಜ್ಜಿ ಇರೋದು ಹೆಂಗಸರ ಮಧ್ಯ. ಇವತ್ತು ಹಬ್ಬ!"

ಅದೇ ತೊಡಕಾಗಿದ್ದದ್ದು. ಅಂದು ಸೂಲಗಿತ್ತಿಯ ಹಬ್ಬ. ಊರಿನ ಹೆಂಗಸರೆಲ್ಲ ತೋತ್ಕಾ ಅಜ್ಜಿಯ ಕೈಗೆ ನೀರೆರೆದು, ಅವಳಿಗೆ ಮೆಣಸಿನಕಾಯಿ ಸರ ಹಾಕಿ, ಪಂಚಾಯ್ತಿ ಚಾವಡಿಯಲ್ಲಿ ಬೆಳಗಿನಿಂದಲೇ ಕುಡಿದು ಕುಣಿಯುವ ದಿನ. ಗಂಡಸರು ಪಡಖಾನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾರೆ. ಅಂದು ಚಾವಡಿಗೆ ಕಾಲಿಟ್ಟ ಗಂಡಸು ಟೊಪ್ಪಿ ಹಾಕಿಕೊಂಡು ವಾಪಸಾದದ್ದನ್ನು ಯಾರೂ ನೋಡಿಲ್ಲ.

"ಪೆನ್ಕೊ!" ಒಳಗಿಂದ ಕೂಗು ಬಂತು. "ಹೋಗ್ತೀಯೋ, ನಾನೇ ಹೋಗ್ಲೋ?"

ಪೆನ್ಕೊ ಓಡಿದ.

ಚಾವಡಿಯ ಬಾಗಿಲು ತೆರೆದದ್ದೇ ತಡ, ಡೋಲು ನಿಂತಿತು. ಅಂಚೆ ಹಂಚುವ ನೇದಾ ಮೇಜಿನ ಮೇಲಿಂದಲೇ ಕೂಗಿದಳು: "ಗಂಡಸು! ಹಿಡೀರೇ!"

ಟೊಪ್ಪಿ ಹೋಯಿತು. ಸೊಂಟದ ಬೆಲ್ಟು ಹೋಯಿತು. ಒಂದು ಬೂಟು ಎಲ್ಲಿಗೆ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ.

"ನನ್ನ ಹೆಂಡ್ತಿಗೆ ನೋವು ಬಂದಿದೆ!"

ಚಾವಡಿ ಬಿದ್ದು ಬಿದ್ದು ನಕ್ಕಿತು. "ವರ್ಷಾವರ್ಷ ಒಬ್ಬನಾದ್ರೂ ಇದೇ ಸುಳ್ಳು ಹೇಳ್ಕೊಂಡು ಬರ್ತಾನೆ," ಎಂದಳು ನೇದಾ. "ಹೋದ ವರ್ಷ ಬಂದವನಿಗೆ ಮದ್ವೇನೇ ಆಗಿರ್ಲಿಲ್ಲ! ದಂಡ ಕಟ್ಟು, ಒಂದು ಕೊಡ ವೈನು."

ಪೆನ್ಕೊ ಒಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಂಡು, ಇನ್ನೊಂದರಲ್ಲಿ ಜೋರ್ಕಾಗೆ ಫೋನು ಮಾಡಿ, ಫೋನನ್ನು ಎತ್ತಿ ಹಿಡಿದ. ಫೋನಿನಿಂದ ಮೊದಲು ಒಂದು ಚೀತ್ಕಾರ ಬಂತು. ಆಮೇಲೆ ಪೆನ್ಕೊನ ಬಗ್ಗೆ, ಅವನ ಬ್ಯಾಟರಿಯ ಬಗ್ಗೆ, ಅವನ ವಂಶದ ಬಗ್ಗೆ ಕೆಲವು ಮಾತು ಬಂದವು. ಹೆಂಗಸರು ಲೋಟ ಕೆಳಗಿಟ್ಟರು. ಅಂಥ ಮಾತನ್ನು ಯಾರೂ ಸುಳ್ಳು ನೋವಿನಲ್ಲಿ ಆಡುವುದಿಲ್ಲ.

"ಜಾರುಬಂಡಿ ತಗೊಳ್ರೇ," ಎಂದು ತೋತ್ಕಾ ಅಜ್ಜಿ ಎದ್ದಳು. ಕೊರಳ ಮೆಣಸಿನಕಾಯಿ ಗಲಗಲ ಅಂದಿತು.

ಅಜ್ಜಿಯನ್ನು ಕೂರಿಸಿಕೊಂಡು ಪೆನ್ಕೊ ಕುದುರೆಯಂತೆ ಎಳೆದ. ಒಂದು ಕಾಲಲ್ಲಿ ಬೂಟು, ಒಂದು ಕಾಲಲ್ಲಿ ಕಾಲುಚೀಲ. ಆದರೂ ಮನಸ್ಸು ಹಗುರವಾಗಿತ್ತು. ಇನ್ನು ತನ್ನ ಕೆಲಸ ಮುಗಿಯಿತು. ಅಜ್ಜಿ ಒಳಗೆ, ತಾನು ಹೊರಗೆ. ಹಿಂದಿನಿಂದ ಇಡೀ ಚಾವಡಿ ಡೋಲು ಸಮೇತ ಬರುತ್ತಿತ್ತು.

ಮನೆಗೆ ಬಂದು ಅಜ್ಜಿ ಮೊಣಕೈವರೆಗೂ ಸೋಪು ಹಚ್ಚಿ ತೊಳೆದಳು. ಆಮೇಲೆ ಸೋಪನ್ನು ಪೆನ್ಕೊನಿಗೆ ಕೊಟ್ಟಳು.

"ಈಗ ನೀನು."

"ನಾನ್ಯಾಕಜ್ಜಿ?"

"ನನ್ನ ಎರಡು ಕಣ್ಣಿಗೂ ಪೊರೆ ಬಂದಿದೆ ಮಗಾ. ನಿನ್ನ ಮುಖ ನನಗೆ ಎಲೆಕೋಸಿನ ಥರ ಕಾಣ್ತಿದೆ. ನಾನು ಹೇಳ್ತೀನಿ, ನೀನು ಮಾಡ್ತೀಯ."

"ನೇದಾ ಮಾಡ್ಲಿ! ಯಾರಾದ್ರೂ ಮಾಡ್ಲಿ!"

"ಕುಡಿದ ಕೈ ಕೂಸು ಮುಟ್ಟಬಾರ್ದು. ಹೆಂಗಸರು ಚಾವಡೀಲಿ ಕುಡ್ದಿದಾರೆ, ಗಂಡಸರು ಪಡಖಾನೇಲಿ ಕುಡ್ದಿದಾರೆ, ಪಾದ್ರಿ ಎರಡೂ ಕಡೆ ಕುಡ್ದಿದಾನೆ. ಇಡೀ ಊರಲ್ಲಿ ಇವತ್ತು ಕುಡೀದೇ ಇರೋನು ನೀನೊಬ್ಬ. ಉಗುರಿನ ಸಂದೀಲೂ ತೊಳಿ."

ಪೆನ್ಕೊ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಇಪ್ಪತ್ತು ಹೆಂಗಸರು. ಮಂಚದ ಕಡೆ ನೋಡಿದ. ಬೆವರಿನಲ್ಲಿ ತೊಯ್ದ ಜೋರ್ಕಾ ಕೈಚಾಚಿದಳು. ಈ ಸಲ ಬೈಯಲಿಲ್ಲ.

"ನನಗೆ ಭಯ ಆಗ್ತಿದೆ ಕಣೋ," ಎಂದಳು. "ಇಲ್ಲೇ ಇರು."

ಅವನು ಹೋಗಿ ಮೊಣಕಾಲೂರಿ ಕೂತ.

"ಏನ್ ಕಾಣ್ತಿದೆ?" ಅಜ್ಜಿ ಕೇಳಿದಳು.

"ಕೂದ್ಲು... ಕಪ್ಪು ಕೂದ್ಲಜ್ಜಿ!"

"ನಿನ್ನ ತಲೇಲಿದ್ದದ್ದು ಎಲ್ಲಿ ಹೋಯ್ತು ಅಂತಿದ್ದೆ. ಎಳೀಬೇಡ. ಕೈ ಕೆಳಗಿಡು, ಬರೋದು ತಾನೇ ಬರುತ್ತೆ. ಮಗಳೇ, ಈಗ ತಿಣುಕು!"

ಪೆನ್ಕೊನಿಗೆ ಕಣ್ಣು ಕತ್ತಲೆ ಬಂತು. ಬಿದ್ದೇಬಿಡುತ್ತಿದ್ದ, ಆದರೆ ಜೋರ್ಕಾ ಅವನ ಅಂಗಿಯ ಕಾಲರನ್ನು ಹಿಡಿದಿದ್ದ ಬಿಗಿಗೆ ಬೀಳಲು ಎಡೆಯಿರಲಿಲ್ಲ. ಮುಂದಿನ ಗಳಿಗೆಗೆ ಅವನ ಎರಡು ಅಂಗೈ ತುಂಬ ಬಿಸಿಯಾದ, ಜಾರುವ, ಸಿಟ್ಟಿಗೆದ್ದ ಒಂದು ಜೀವ ಇತ್ತು. ಅದು ಅವನ ಮುಖ ನೋಡಿ ಕಿಟಾರನೆ ಕಿರುಚಿತು. ಅವನೂ ಕಿರುಚಿದ.

"ಇಬ್ರೂ ಚೆನ್ನಾಗಿ ಉಸಿರಾಡ್ತಿದಾರೆ," ಎಂದಳು ಅಜ್ಜಿ. "ಏನು ಮಗು?"

"ಹೆಣ್ಣು! ಹೆಣ್ಣು ಮಗು ಅಜ್ಜಿ!"

"ಒರೆಸಿ ತಾಯಿ ಎದೆ ಮೇಲಿಡು, ಬೆಚ್ಚಗೆ ಹೊದಿಸು. ಹೊಕ್ಕುಳ ಬಳ್ಳಿ ಗೊಡವೆ ಬೇಡ, ಆಸ್ಪತ್ರೆಯವ್ರು ಬರ್ಲಿ. ನಾನು ಬಾಣಂತಿ ಬಿಟ್ಟು ಕದಲೋಳಲ್ಲ."

ಜೋರ್ಕಾ ಮಗುವಿನ ತಲೆ ಮೂಸುತ್ತ, ಗಂಡನನ್ನು ನೋಡಿ, "ಬೀಳ್ಲಿಲ್ಲವಲ್ಲೋ ನೀನು!" ಎಂದು ನಕ್ಕಳು. ಅಳುತ್ತಲೂ ಇದ್ದಳು.

ಅಂಗಳಕ್ಕೆ ಬಂದ ಪೆನ್ಕೊ ಜಾತ್ರೆಯ ಕಾಳಗ ಗೆದ್ದ ಟಗರಿನ ಹಾಗೆ ನಡೆಯುತ್ತಿದ್ದ. ಹೆಂಗಸರು ಹೋ ಎಂದರು. ನೆಲಮಾಳಿಗೆಯಿಂದ ಅವನದೇ ಪ್ಲಮ್ ಹಣ್ಣಿನ ರಕಿಯಾ ಮೇಲೆ ಬಂತು. ಮಗು ಹುಟ್ಟುವ ದಿನಕ್ಕೆಂದು ಇಟ್ಟಿದ್ದ ಪೀಪಾಯಿ ಅದು. ನೇದಾಗೆ ಒಂದು ಲೋಟ, ಡೋಲಿನವಳಿಗೆ ಒಂದು, ಸುದ್ದಿ ಕೇಳಿ ಓಡಿಬಂದ ಪಡಖಾನೆಯವರಿಗೆಲ್ಲ ಒಂದೊಂದು.

"ನನಗೂ ಒಂದು ಕೊಡ್ರೇ."

"ಆಮೇಲೆ ಕಣೋ, ಆಮೇಲೆ," ಎಂದು ನೇದಾ ಅವನ ಕೈಯಿಂದ ಲೋಟ ಕಿತ್ತುಕೊಂಡಳು. "ಮೊದ್ಲು ಮರ್ಯಾದೆ. ಹೆರಿಗೆ ಮಾಡ್ಸಿದವನೇ ಇವತ್ತಿನ ಸೂಲಗಿತ್ತಿ!"

ಕೊರಳಿಗೆ ಈರುಳ್ಳಿ ಸರ ಬಿತ್ತು. ಅವನನ್ನು ಜಾರುಬಂಡಿಯ ಮೇಲೆ ಕೂರಿಸಿ ಹೆಂಗಸರೇ ಎಳೆದರು. ಮೊದಮೊದಲು ಪೆನ್ಕೊನಿಗೆ ನಾಚಿಕೆಯಾಯಿತು. ಪಡಖಾನೆಯ ಮುಂದೆ ಹೋಗುವಾಗ ನಾಚಿಕೆ ಕಡಿಮೆಯಾಗಿ, ಬಾವಿಕಟ್ಟೆಯ ಹತ್ತಿರ ಬರುವ ಹೊತ್ತಿಗೆ ಅವನು ಮದುಮಗನಂತೆ ಎಡಕ್ಕೂ ಬಲಕ್ಕೂ ಕೈಬೀಸುತ್ತಿದ್ದ. ಬಾವಿಕಟ್ಟೆಯಲ್ಲಿ ಅವನ ಕೈ ತೊಳೆದರು. ಶಾಸ್ತ್ರಕ್ಕೆ ಇಷ್ಟೊಂದು ಸೋಪು ಯಾಕೆ ಎಂದು ಅವನಿಗೆ ಒಮ್ಮೆ ಅನ್ನಿಸಿತು. ಆದರೆ ಮರ್ಯಾದೆಯ ನಡುವೆ ಪ್ರಶ್ನೆ ಕೇಳುವುದು ಸರಿಯಲ್ಲವೆಂದು ಇನ್ನೊಂದು ಕೈಯನ್ನೂ ಮುಂದೆ ಚಾಚಿದ.

ಬಾವಿಕಟ್ಟೆಯಿಂದ ಬಂಡಿ ಅವನ ಮನೆಯ ಕಡೆ ತಿರುಗಲಿಲ್ಲ. ಮೇಲಿನ ಓಣಿಗೆ ಏರತೊಡಗಿತು. ಹಾಡೂ ನಿಂತಿತ್ತು, ಎಲ್ಲರೂ ಏದುಸಿರು ಬಿಡುತ್ತ ಓಡುತ್ತಿದ್ದರು.

"ಈ ಕಡೆ ಯಾಕ್ರೇ?"

"ವಲ್ಕೊ ಮಗನಿಗೇಂತ ಕಟ್ಟಿಸಿದ ಹೊಸ ಮನೆಗೆ," ನೇದಾ ತಿರುಗಿ ನೋಡದೆ ಹೇಳಿದಳು. "ಪಟ್ಟಣದಿಂದ ಮಗ, ತುಂಬುಬಸುರಿ ಸೊಸೆ ಹಬ್ಬಕ್ಕೆ ಬಂದು ಹಿಮದಲ್ಲಿ ಸಿಕ್ಕಾಕ್ಕೊಂಡಿದಾರೆ. ನಿನ್ನ ಮಗಳು ಹುಟ್ಟಿದ ಸುದ್ದಿ ಕೇಳಿದ್ದೇ ಆ ಹುಡುಗೀಗೂ ಶುರುವಾಗಿದೆ."

"ಅಜ್ಜೀನ ಕರ್ಕೊಂಡು ಹೋಗಿ!"

"ಅಜ್ಜಿ ನಿನ್ನ ಬಾಣಂತಿ ಬಿಟ್ಟು ಬರೋಲ್ಲ ಅಂದಿದಾಳೆ. ಫೋನಲ್ಲಿ ಹೇಳ್ಕೊಡ್ತಾಳಂತೆ."

ಗೇಟಿನಲ್ಲಿ ವಲ್ಕೊ ಸುಣ್ಣದಂಥ ಮುಖ ಮಾಡಿಕೊಂಡು ನಿಂತಿದ್ದ. ಜೀವಮಾನದಲ್ಲಿ ಮೊದಲ ಸಲ ಪೆನ್ಕೊನ ಮುಂದೆ ಟೊಪ್ಪಿ ತೆಗೆದ.

"ನಾನೂ ಕುಡ್ದಿದೀನಿ!" ಪೆನ್ಕೊ ಕೂಗಿದ. "ದೇವರಾಣೆ, ಬೆಳಿಗ್ಗೇನೇ ಕುಡ್ದಿದೀನಿ!"

"ಎಲ್ಲಿ, ಬಾಯಿ ತೆಗಿ." ನೇದಾ ಬಗ್ಗಿ ಮೂಸಿ ನೋಡಿದಳು. ತಲೆ ಅಲ್ಲಾಡಿಸಿದಳು. "ಬರೀ ಈರುಳ್ಳಿ ವಾಸ್ನೆ. ನಡಿ ಒಳಗೆ."