ಹನ್ನೊಂದು ಒಂದುಗಳು

ಲೆಕ್ಕದಲ್ಲಿ ಸುಳ್ಳು ಹೇಳುವವರು ದುಡ್ಡಿಗಾಗಿಯೇ ಹೇಳುತ್ತಾರೆಂದು ಜನ ನಂಬಿದ್ದಾರೆ. ನಾನು ಹೇಳಿದ್ದು ಬರೀ ಬೇಸರಕ್ಕೆ. ಅದರಿಂದ ನನಗೆ ಸಿಕ್ಕ ಲಾಭ ಒಂದು ಮಧ್ಯಾಹ್ನ. ಅದನ್ನು ಹೇಗೆ ಕಳೆದೆನೆಂಬುದೂ ಈಗ ನೆನಪಿಲ್ಲ.

ತಾಂಡೂರಿನ ನಮ್ಮ ಕಾಕಾ ಗಣಿತದ ಮಾಸ್ತರರು. ಕಲಿತದ್ದು ಉರ್ದುವಿನಲ್ಲಿ, ಮನೆಮಾತು ಕನ್ನಡ, ರಾಜ್ಯ ಬದಲಾದ ಮೇಲೆ ಕಲಿಸಬೇಕಾಗಿ ಬಂದದ್ದು ತೆಲುಗಿನಲ್ಲಿ. ಹುಡುಗರು ನಕ್ಕರೆ, "ನಗ್ರಿ, ನನ್ನ ತೆಲುಗು ತಪ್ಪಿರಬಹುದು, ಉತ್ತರ ತಪ್ಪಂಗಿಲ್ಲ" ಎನ್ನುತ್ತಿದ್ದರು. ನಿವೃತ್ತರಾದ ಮೇಲೆ ಅವರಿಗೊಂದು ಹುಚ್ಚು ಹತ್ತಿತು: ಬರೀ ಒಂದುಗಳನ್ನೇ ಸಾಲಾಗಿ ಬರೆದ ಸಂಖ್ಯೆಗಳನ್ನು ಒಡೆಯುವುದು. ಮೂರು ಒಂದುಗಳು, ಅಂದರೆ ನೂರಾ ಹನ್ನೊಂದು, ಮೂರಕ್ಕೆ ಒಡೆಯುತ್ತದೆ. ಐದು ಒಂದುಗಳು ನಲವತ್ತೊಂದಕ್ಕೆ. ಏಳು ಒಂದುಗಳು ಇನ್ನೂರ ಮೂವತ್ತೊಂಬತ್ತಕ್ಕೆ. ಹನ್ನೊಂದು ಒಂದುಗಳ 11111111111 ಮಾತ್ರ ಯಾವುದಕ್ಕೂ ಜಗ್ಗಲಿಲ್ಲ. ಅದರ ವರ್ಗಮೂಲವಾದ ಒಂದು ಲಕ್ಷ ಐದು ಸಾವಿರದ ಚಿಲ್ಲರೆವರೆಗಿನ ಅವಿಭಾಜ್ಯ ಸಂಖ್ಯೆಗಳಿಂದ ಒಂದೊಂದಾಗಿ ಭಾಗಿಸಿ ನೋಡಬೇಕು. ಎಲ್ಲಿಯೂ ಶೇಷ ಸೊನ್ನೆ ಬರದಿದ್ದರೆ ಅದೂ ಅವಿಭಾಜ್ಯ.

ನಮ್ಮೂರ ಮನೆಗಳಿಗೆಲ್ಲ ನಮ್ಮೂರಿನದೇ ನೀಲಿ ಪರಸಿ ಕಲ್ಲಿನ ನೆಲ. ಕಾಗದ ಸಾಲದೆ ಕಾಕಾ ಸೀಮೆಸುಣ್ಣ ಹಿಡಿದು ನೆಲಕ್ಕಿಳಿದರು. ಒಂದು ಪರಸಿಗೆ ಒಂದು ಭಾಗಾಕಾರ. ಪಡಸಾಲೆಯಿಂದ ಹೊರಟದ್ದು ಅಡಿಗೆಮನೆಯ ಹೊಸ್ತಿಲು ಮುಟ್ಟಿತು.

"ಏನ್ರಿ, ನೀರು ತರಾಕ ಹೋಗ್ಬೇಕಂದ್ರ ಕುಣಕೋತ ಹೋಗ್ಬೇಕಲ್ರಿ!" ಎಂದಳು ಕಾಕಿ.

"ಒರಸಬ್ಯಾಡ. ನಾಳಿಗಿ ತಾಳೆ ನೋಡೂದದ."

"ಲಗ್ನದಾಗ ಗಂಡು ಮಾಸ್ತರ ಅಂತ ಹೇಳಿದ್ರು. ಮನೀನೇ ಪಾಟಿ ಅಂತ ಯಾರೂ ಹೇಳಿರಲಿಲ್ಲ."

ಆಮೇಲೆ ಕಾಕಾರ ಕಣ್ಣು ಹೋದವು. ಎದೆಯೂ ಸೋತಿತು. ಹೊರಸಿನ ಮೇಲೆ ಮಲಗಿ ನನ್ನನ್ನು ಕರೆದರು: "ತಮ್ಮಾ, ಇದು ಒಡೀತದೋ ಇಲ್ಲೋ, ಅಷ್ಟು ತಿಳ್ಕೊಂಡು ಹೋಗ್ತೀನಿ. ನಿನ್ನ ಕಣ್ಣು ಕೊಡು." ಕೊಟ್ಟೆ. ಅವರ ಹಳೆಯ ವಹಿಯಲ್ಲಿದ್ದ ಅವಿಭಾಜ್ಯಗಳನ್ನು ಒಂದೊಂದಾಗಿ ಓದಿ, ನೆಲದ ಮೇಲೆ ಭಾಗಿಸಿ, ಶೇಷ ಕೂಗುವುದು ನನ್ನ ಕೆಲಸ. ವಾರಕ್ಕೊಂದು ರಜೆ ಹೀಗೆ ಮುಗಿಯುತ್ತಿತ್ತು. ನಾನು ಸುಳ್ಳು ಹೇಳಿದ ದಿನ ಮಳೆಯಿತ್ತೆಂದು ಬರೆಯುವ ಆಸೆಯಾಗುತ್ತದೆ. ಮಳೆಯಿದ್ದರೆ ತಪ್ಪಿಗೆ ಸ್ವಲ್ಪ ಶೋಭೆ ಬರುತ್ತದೆ. ಆದರೆ ಬಹುಶಃ ಬಿಸಿಲೇ ಇತ್ತು. ಎದ್ದು ಹೊರಗೆ ಹೋಗಬೇಕೆನಿಸಿತ್ತು, ಅಷ್ಟೇ. ಕಾಕಾರಿಗೆ ಸದ್ದು ಕೇಳಲೆಂದು ಸೀಮೆಸುಣ್ಣದಿಂದ ಪರಸಿಯ ಮೇಲೆ ಸುಮ್ಮನೆ ಗೀಚಿದೆ. ಪುಟ್ಟ ಶೇಷ ಹೇಳಿದರೆ ಅನುಮಾನ ಬಂದೀತೆಂದು, "ಹದಿನೇಳು ಸಾವಿರದ ನಾಲ್ಕುನೂರ ಹನ್ನೊಂದು" ಎಂಬ ಮರ್ಯಾದಸ್ಥ ಶೇಷವನ್ನು ಹುಟ್ಟಿಸಿದೆ.

"ಇದೂ ಅಲ್ಲೇನು? ಇರಲಿ, ಮುಂದಿಂದು ಹೇಳು."

ಹೀಗೆ ಏಳೆಂಟು ದಾಟಿಸಿದೆ. ಆಮೇಲೆ ಮಾಡಿದರಾಯಿತೆಂದು ವಹಿಯಲ್ಲಿ ಅವುಗಳ ಪಕ್ಕ ಪೆನ್ಸಿಲ್ ಚುಕ್ಕಿ ಇಟ್ಟೆ. ಮಾಡಲಿಲ್ಲ. ಮೂವತ್ತು ಸಾವಿರ ದಾಟಿದ ಮೇಲೆ ಒಂದು ಬೆಳಿಗ್ಗೆ ಕಾಕಾ ನನ್ನ ಕೈ ಹಿಡಿದು ಕೇಳಿದರು: "ನಡುವ ಯಾವುದೂ ಬಿಟ್ಟಿಲ್ಲಲ್ಲಪಾ?" "ಇಲ್ಲ ಕಾಕಾ." "ಹಂಗಾದ್ರ ಇನ್ನೂ ದೂರ ಅದ," ಎಂದರು. ಆ ದೂರಕ್ಕೆ ಅವರಿಗೆ ಹೋಗಲಾಗಲಿಲ್ಲ. ಅದೇ ವಾರ ತೀರಿಕೊಂಡರು.

ದಿನಕರ್ಮ ಮುಗಿದ ಮೇಲೆ ವಹಿ ತೆರೆದು ಚುಕ್ಕಿಗಳಿಂದ ಹಿಡಿದೆ. ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತು. ಐದು ಲಕ್ಷ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು ಸಲ ಹೋಯಿತು. ಕೆಳಗೆ ಸೊನ್ನೆ ಉಳಿಯಿತು. ಮೂರು ಸಲ ಒರೆಸಿ ಮೂರು ಸಲ ಮಾಡಿದೆ. ಸೊನ್ನೆ ಅಲ್ಲಾಡಲಿಲ್ಲ.

ನನ್ನ ಮುಖ ನೋಡಿ ಕಾಕಿ ಬಂದಳು. "ಒಡೀತೇನೋ?"

"ಒಡೀತು ಕಾಕಿ. ನಾವು ಹಿಂದಕ್ಕೇ ದಾಟಿ ಬಂದ ಸಂಖ್ಯಾಕ್ಕ."

ಕಾಕಿಯ ಪಾಲಿಗೆ ನಾನು ಬರೀ ಕಣ್ಣು, ಲೆಕ್ಕವೆಲ್ಲ ಕಾಕಾರದೇ. "ಅಂದ್ರ ಅವರ ಲೆಕ್ಕ ತಪ್ಪಿತ್ತೇನು? ಜನ್ಮದಾಗ ಒಂದು ಲೆಕ್ಕ ತಪ್ಪಿದವರಲ್ಲ."

"ವಯಸ್ಸಾಗಿತ್ತಲ್ಲ ಕಾಕಿ," ಎಂದೆ.

ಕಾಕಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋಗಲಿ ಬಿಡು, ಮಂದಿಗಿ ಹೇಳಬ್ಯಾಡ," ಎಂದಳು. ಅವಳಿಗೆ ಓದಲು ಬರುವುದಿಲ್ಲ. ಬರುತ್ತಿದ್ದರೆ ಇದನ್ನು ಬರೆಯುವಷ್ಟು ಪ್ರಾಮಾಣಿಕ ನಾನಲ್ಲ.